ಮೂರರಲ್ಲೊಂದು ಪಾಲು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಈ ಶಾಲೆಯಿಂದ ಹೊರಟು ಏನೇನು ಕಂಡೆ, ಅದರಿಂದ ಮಕ್ಕಳಿಗೆ ಏನು ಹೇಳಬಹುದು ಎಂದು ಮಾತಾಡಿ ಎಂದಿದ್ದಾರೆ. ನಾನು ಇಲ್ಲಿಂದ ಹೊರಟು ದೂರ ದೂರ ಹೋದದ್ದು ನಿಜ. ಆದರೆ ನನ್ನ ಮಾತು ಶುರುವಾಗುವುದು ಈ ಕಟ್ಟಡದ ಹಿಂದೆ, ಹೊಂಗೆಮರದ ಪಕ್ಕದಲ್ಲಿರುವ ಬಾವಿಯಿಂದ. ಮುಗಿಯುವುದೂ ಅಲ್ಲೇ.

ಆ ಬಾವಿ ಶಾಲೆಗಿಂತ ಹಳೆಯದು. ಈ ಜಾಗ ಹೊಲವಾಗಿದ್ದಾಗ ಅದು ಕಪಿಲೆ ಬಾವಿ. ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆದು ನೀರೆತ್ತುತ್ತಿದ್ದ ಕಲ್ಲುಕಂಬ ಇನ್ನೂ ನಿಂತಿದೆ. ಆಳ ಐವತ್ತು ಅಡಿ. ಮೇಲಿನ ಇಪ್ಪತ್ತು ಅಡಿ ಕಲ್ಲುಕಟ್ಟಡ, ಅದರ ಕೆಳಗೆ ಬರೀ ಬಂಡೆ. ನಾವು ಓದುವಾಗ ಬೇಸಿಗೆಯಲ್ಲೂ ಇಪ್ಪತ್ತೈದು ಅಡಿಗೆ ನೀರು ಸಿಗುತ್ತಿತ್ತು. ನಾನು ಈಜು ಕಲಿತದ್ದು ಅದರಲ್ಲೇ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು. ಶಾಲೆಯ ಹೊತ್ತಿನಲ್ಲಿ ಬಾವಿಗೆ ಇಳಿಯಬಾರದು ಎಂದು ಮೇಷ್ಟ್ರು ಹೇಳಿದ್ದರು. ಹಾಗಾಗಿ ಶಾಲೆ ಬಿಟ್ಟ ಮೇಲೆ ಇಳಿಯುತ್ತಿದ್ದೆವು.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ, ಪರೀಕ್ಷೆಗೆ ಮುಂಚೆ, ಒಂದು ದಿನ ನೀರು ಸೇದುವಾಗ ಹಗ್ಗ ಕಿತ್ತು ಶಾಲೆಯ ತಾಮ್ರದ ಕೊಳಗ ಬಾವಿಗೆ ಬಿತ್ತು. ಯಾರದೋ ಮನೆಯಿಂದ ಪಾತಾಳಗರಡಿ ತಂದು ಬಿಟ್ಟರು. ಮೂರು ಸಲ ಎಳೆದರೂ ಸಿಗಲಿಲ್ಲ. ಆಗ ನನ್ನ ಜೊತೆಗಾರ ಅಂಗಿ ಬಿಚ್ಚಿದ. ನಮ್ಮ ತರಗತಿಯಲ್ಲಿ ಅವನಷ್ಟು ಹೊತ್ತು ಉಸಿರು ಕಟ್ಟುವವರು ಯಾರೂ ಇರಲಿಲ್ಲ. ಮೊದಲ ಸಲ ಬರಿಗೈಲಿ ಬಂದ. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲ ಎಷ್ಟು ಹೊತ್ತಾದರೂ ಬರದೆ, ಮೇಲೆ ನಿಂತಿದ್ದ ಅಟೆಂಡರ್ ದೇವರ ಹೆಸರು ಹೇಳತೊಡಗಿದರು. ಕೊನೆಗೆ ಕೊಳಗ ಹಿಡಿದುಕೊಂಡು ಎದ್ದ. ದಡಕ್ಕೆ ಬಂದವನು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅದು ಒಳಕ್ಕೆ ಹೋಗಿತ್ತು ಕಲಾ, ಬಂಡೆ ಸೀಳಿನೊಳಕ್ಕೆ. ಅಲ್ಲಿ ಕೈ ಮಡಗುದ್ರೆ ನೀರು ತಣ್ಣಗೆ ಕೈಯ ನೂಕ್ತದೆ."

ಮಾರನೆಯ ದಿನ ವಿಜ್ಞಾನದ ಮೇಷ್ಟ್ರು ಅವನಿಗೆ ಮೊದಲು ಬೈದರು. ಆಮೇಲೆ ಕಪ್ಪುಹಲಗೆಯ ಮೇಲೆ ಬಾವಿಯ ಚಿತ್ರ ಬರೆದು, ಪಕ್ಕದಲ್ಲಿ ಒಂದು ಗೆರೆ ಎಳೆದು, "ನೀನು ಮುಟ್ಟಿದ್ದು ಸೆಲೆಯ ಬಾಯಿ. ಈ ನೀರು ಎಲ್ಲಿಂದ ಬರುತ್ತದೆ ಹೇಳು" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡೇ ನಾನು ಚಾಮರಾಜನಗರದ ಕಾಲೇಜಿಗೆ, ಅಲ್ಲಿಂದ ಮೈಸೂರಿಗೆ ಹೋಗಿ ಭೂವಿಜ್ಞಾನ ಓದಿದೆ. ಮೂವತ್ತು ವರ್ಷ ನೆಲದಡಿಯ ನೀರು ಹುಡುಕುವುದೇ ನನ್ನ ಹೊಟ್ಟೆಪಾಡಾಯಿತು.

ಈಗ ದೂರದ ಕಥೆಗೆ ಬರುತ್ತೇನೆ. ಕೆಲಸದಿಂದ ಬಿಡುವಾದ ಮೇಲೆ ಮಗಳ ಮನೆಗೆಂದು ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಹೋಗಿದ್ದೆ. ಅಲ್ಲಿ ನೆಲದಡಿ ಸುಣ್ಣಕಲ್ಲು. ಮಳೆಯ ನೀರು ಸಾವಿರಾರು ವರ್ಷ ಆ ಕಲ್ಲನ್ನು ಕರಗಿಸಿ ಒಳಗೆ ಸುರಂಗಗಳನ್ನು ಮಾಡಿದೆ. ಆ ಸುರಂಗಗಳಲ್ಲಿ ನೀರು ಹೊಳೆಯಂತೆ ಹರಿದು ನೆಲ ತಗ್ಗಾದ ಕಡೆ ಬುಗ್ಗೆಯಾಗಿ ಎದ್ದು ಬರುತ್ತದೆ. ಅಂಥ ಬುಗ್ಗೆಗಳು ಆ ಒಂದು ರಾಜ್ಯದಲ್ಲೇ ಸಾವಿರಕ್ಕೂ ಹೆಚ್ಚು. ಮೊದಲ ದರ್ಜೆಯ ಬುಗ್ಗೆ ಎಂದು ಕರೆಸಿಕೊಳ್ಳಬೇಕಾದರೆ ಸೆಕೆಂಡಿಗೆ ಸುಮಾರು 2,800 ಲೀಟರ್ ನೀರು ಬರಬೇಕು. ಲೆಕ್ಕ ಹಾಕಿ ನೋಡಿ, ನಾಲ್ಕೈದು ಸೆಕೆಂಡಿಗೆ ಒಂದು ದೊಡ್ಡ ಟ್ಯಾಂಕರ್ ನೀರು.

ಅಲ್ಲಿ ಕೆಲವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಬುಗ್ಗೆಯ ಬಾಯಲ್ಲಿ ಮುಳುಗಿ ಆ ಸುರಂಗಗಳೊಳಗೆ ಹೋಗುತ್ತಾರೆ. ಲೈವ್ ಓಕ್ ಎಂಬ ಊರಿನ ಹತ್ತಿರ ಪೀಕಾಕ್ ಸ್ಪ್ರಿಂಗ್ಸ್ ಎಂಬ ಜಾಗದಲ್ಲಿ ನಾನು ಅವರನ್ನು ನೋಡಿದೆ. ನಮ್ಮ ಬಾವಿಯಷ್ಟೇ ಅಗಲದ ನೀರು, ತಿಳಿಯಾಗಿದೆ. ನಾಲ್ವರು ಇಳಿದರು. ಒಂದೆರಡು ನಿಮಿಷ ಗುಳ್ಳೆಗಳು ಬಂದವು, ಆಮೇಲೆ ಅವೂ ನಿಂತವು. ಒಂದೂವರೆ ಗಂಟೆ ನಾನು ಮರದ ಮೆಟ್ಟಿಲ ಮೇಲೆ ಕುಳಿತಿದ್ದೆ. ನಮ್ಮ ಅಟೆಂಡರ್ ದೇವರ ಹೆಸರು ಹೇಳಿದ್ದು ನೆನಪಾಯಿತು.

ಬಾವಿಯಲ್ಲಿ ಮುಳುಗುವುದಕ್ಕೂ ಗುಹೆಯಲ್ಲಿ ಮುಳುಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಬಾವಿಯಲ್ಲಿ ಉಸಿರು ಮುಗಿದರೆ ಮೇಲಕ್ಕೆ ಒದ್ದುಕೊಂಡು ಬರಬಹುದು. ಗುಹೆಯಲ್ಲಿ ಮೇಲೆ ಕಲ್ಲಿನ ಚಾವಣಿ. ಬಂದ ದಾರಿಯಲ್ಲೇ ವಾಪಸು ಹೋಗಬೇಕು. ತಳದಲ್ಲಿ ಹಿಟ್ಟಿನಂಥ ಹೂಳು ಇರುತ್ತದೆ. ಕಾಲು ಒಂದು ಸಲ ತಪ್ಪಾಗಿ ಆಡಿಸಿದರೆ ನೀರು ಮಜ್ಜಿಗೆಯಾಗಿ ಕೈಯಲ್ಲಿರುವ ದೀಪವೇ ಕಾಣುವುದಿಲ್ಲ. ಆಗ ಉಳಿಯುವ ದಾರಿ ಒಂದೇ: ಬಾಯಿಂದ ಒಳಗಿನವರೆಗೆ ಕಟ್ಟಿಕೊಂಡು ಹೋದ ದಾರ. ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಸಡಿಲವಾಗಿ ಹಿಡಿದು ಕುರುಡರಂತೆ ಹೊರಗೆ ಬರಬೇಕು. ದಾರದ ಮೇಲೆ ಅಲ್ಲಲ್ಲಿ ಬಾಣದ ಗುರುತು ಸಿಕ್ಕಿಸಿರುತ್ತಾರೆ. ಅದು ಯಾವಾಗಲೂ ಹೊರಗಿನ ದಾರಿಯನ್ನೇ ತೋರಿಸುತ್ತದೆ. ಕತ್ತಲಲ್ಲಿ ಮುಟ್ಟಿ ತಿಳಿಯಲಿ ಎಂದು ಆ ಆಕಾರ.

ಈ ಕೆಲಸಕ್ಕೆ ನಿಯಮಗಳನ್ನು ಬರೆದುಕೊಟ್ಟವರು ಯಾರು ಗೊತ್ತೆ, ಮಕ್ಕಳೆ? ಒಬ್ಬ ಹೈಸ್ಕೂಲ್ ಮೇಷ್ಟ್ರು. ಶೆಕ್ ಎಕ್ಸ್ಲಿ ಎಂದು ಹೆಸರು. ಅದೇ ಲೈವ್ ಓಕ್ ಊರಿನ ಸುವಾನಿ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಆ ಬುಗ್ಗೆಗಳಲ್ಲಿ ಎಷ್ಟೋ ಜನ ಹುಡುಗರು ಮುಳುಗಿ ಸತ್ತಿದ್ದರು. ಊರಿನವರು ಗ್ರಹಚಾರ ಎಂದರು. ಈ ಮೇಷ್ಟ್ರು ಹಾಗನ್ನದೆ ಒಂದೊಂದು ಸಾವನ್ನೂ ಲೆಕ್ಕದ ಪ್ರಶ್ನೆಯಂತೆ ಬಿಡಿಸಿ, ತಪ್ಪಿದ್ದು ಎಲ್ಲಿ ಎಂದು ಹುಡುಕಿ, 1979ರಲ್ಲಿ ಒಂದು ಸಣ್ಣ ಪುಸ್ತಕ ಬರೆದರು. ಬಹುಪಾಲು ಸಾವುಗಳ ಹಿಂದೆ ಇದ್ದವು ಮೂರು ತಪ್ಪುಗಳು. ಹೊರಗಿನವರೆಗೆ ಎಡೆಬಿಡದ ದಾರ ಇಲ್ಲದಿದ್ದದ್ದು, ಗಾಳಿಯನ್ನು ಉಳಿಸಿಕೊಳ್ಳದಿದ್ದದ್ದು, ಮಿತಿ ಮೀರಿ ಆಳಕ್ಕೆ ಇಳಿದದ್ದು.

ಗಾಳಿಯ ನಿಯಮ ಹೀಗಿದೆ. ಇರುವ ಗಾಳಿಯನ್ನು ಮೂರು ಪಾಲು ಮಾಡಬೇಕು. ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಇನ್ನೊಂದು ಪಾಲು ಮುಟ್ಟುವ ಹಾಗಿಲ್ಲ. ಸಿಲಿಂಡರಿನ ಮುಳ್ಳು 180 ತೋರಿಸುತ್ತಿದ್ದರೆ, 120ಕ್ಕೆ ಇಳಿದ ಕೂಡಲೆ ಮುಂದೆ ಎಂಥ ಚಂದದ ಕೋಣೆ ಇದ್ದರೂ ತಿರುಗಬೇಕು. ಒಬ್ಬನ ಮುಳ್ಳು ಇಳಿದರೂ ಎಲ್ಲರೂ ತಿರುಗಬೇಕು. ಮುಟ್ಟದ ಆ ಪಾಲು ಯಾಕೆ? ಜೊತೆಗಾರನ ಸಿಲಿಂಡರು ಕೈಕೊಟ್ಟರೆ ಅವನಿಗೆ ಉಸಿರು ಕೊಡುವುದಕ್ಕೆ. ಅಂದರೆ ಆ ಮೂರನೆಯ ಪಾಲು ನನ್ನ ಬೆನ್ನ ಮೇಲಿದ್ದರೂ ನನ್ನದಲ್ಲ.

ಅಂಥ ಮೇಷ್ಟ್ರು ಕೂಡ 1994ರಲ್ಲಿ, ಮೆಕ್ಸಿಕೊ ದೇಶದ ಸಕಾಟೋನ್ ಎಂಬ ಬಹಳ ಆಳದ ಮಡುವಿನಲ್ಲಿ ತಳ ಮುಟ್ಟಲು ಹೋಗಿ ತೀರಿಕೊಂಡರು. ಆಗ ಅವರಿಗೆ 45 ವರ್ಷ. ಆಳ ಎನ್ನುವುದು ತಿಳಿದವರನ್ನೂ ಕರೆಯುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ನಮ್ಮ ತಾಲ್ಲೂಕಿನ ಕಥೆಗೆ ಇದು ಬೇಕಾಗುತ್ತದೆ.

ಮಗಳ ಮನೆ ಇದ್ದದ್ದು ಟಲಹಾಸಿ ಎಂಬ ನಗರದಲ್ಲಿ. ಅಲ್ಲಿಂದ ದಕ್ಷಿಣಕ್ಕೆ ವಕುಲಾ ಎಂಬ ದೊಡ್ಡ ಬುಗ್ಗೆ ಇದೆ. ಮಡು ಸುಮಾರು 185 ಅಡಿ ಆಳ. 1930ರಲ್ಲಿ ಅದರ ತಳದಿಂದ ಮ್ಯಾಸ್ಟೊಡಾನ್ ಎಂಬ, ಈಗಿಲ್ಲದ, ಆನೆಯಂಥ ಪ್ರಾಣಿಯ ಅಸ್ಥಿಪಂಜರ ಎತ್ತಿದರು. ಅದು ಟಲಹಾಸಿಯ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಬಂಡೀಪುರದ ಪಕ್ಕದಲ್ಲಿ ಬೆಳೆದ ನನಗೆ ಅದನ್ನು ನೋಡಿ, ಅಲ್ಲಿಯೂ ಆನೆಗಳು ನೀರು ಕುಡಿಯಲು ಬರುತ್ತಿದ್ದವಲ್ಲ ಅನ್ನಿಸಿತು. ಆ ಬುಗ್ಗೆಯ ಒಳಗೆ ಅನುಮತಿ ಪಡೆದ ಮುಳುಗುಗಾರರು ವರ್ಷಗಟ್ಟಲೆ ಅಳತೆ ಮಾಡಿ ನಕ್ಷೆ ಬರೆದಿದ್ದಾರೆ. 2007ರಲ್ಲಿ ಅವರ ಪೈಕಿ ಇಬ್ಬರು ದೂರದ ಒಂದು ಗುಂಡಿಯಲ್ಲಿ ಮುಳುಗಿ, ನೆಲದಡಿಯಲ್ಲೇ ಸುಮಾರು 11 ಕಿಲೋಮೀಟರ್ ಈಜಿ ವಕುಲಾದಲ್ಲಿ ಎದ್ದರು. ಅಂದರೆ ನೀರಿನ ದಾರಿ ಯಾವುದು ಎಂದು ಕಣ್ಣಾರೆ ಕಂಡು ಬಂದರು.

ಆದರೆ ವಕುಲಾ ಈಗ ಮೊದಲಿನಂತಿಲ್ಲ. ಹಿಂದೆ ಅಲ್ಲಿ ಗಾಜಿನ ತಳದ ದೋಣಿಗಳಿದ್ದವು. ದೋಣಿಯಲ್ಲಿ ಕುಳಿತರೆ ತಳದ ಮರಳು, ಮೀನು, ಬಂಡೆ ಎಲ್ಲ ಕಾಣುತ್ತಿತ್ತಂತೆ. ಈಗ ನೀರು ಟೀ ಬಣ್ಣಕ್ಕೆ ತಿರುಗಿ ಆ ದೋಣಿಗಳು ಹೊರಡುವುದೇ ಅಪರೂಪ. 1997ರಲ್ಲಿ ಹೈಡ್ರಿಲಾ ಎಂಬ ಹೊರಗಿನ ಕಳೆ ಕಾಣಿಸಿಕೊಂಡು ಹಬ್ಬಿತು. ಆ ಕಳೆಗೆ ಗೊಬ್ಬರ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದರು. ಟಲಹಾಸಿ ನಗರದ ಕೊಳಚೆ ನೀರನ್ನು ಸ್ವಲ್ಪ ಶುದ್ಧ ಮಾಡಿ ಮೈಲಿಗಟ್ಟಲೆ ದೂರದ ಹೊಲಗಳಲ್ಲಿ ಮೇವು ಬೆಳೆಯಲು ಸಿಂಪಡಿಸುತ್ತಿದ್ದರು. 2006ರಲ್ಲಿ ಆ ಹೊಲದ ಹತ್ತಿರ ನೆಲದಡಿಗೆ ಬಣ್ಣ ಬಿಟ್ಟು ನೋಡಿದರು. ಆ ಬಣ್ಣ ವಕುಲಾ ಬುಗ್ಗೆಯಲ್ಲಿ ಸಿಕ್ಕಿತು. ಆಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ. ನಗರದವರು ಹಣ ಹಾಕಿ ಕೊಳಚೆ ಶುದ್ಧೀಕರಣ ಘಟಕವನ್ನು ಉತ್ತಮಪಡಿಸಿದರು. ಬುಗ್ಗೆಯಲ್ಲಿ ನೈಟ್ರೇಟ್ ಇಳಿಯಿತು. ನೀರು ಹಿಂದಿನಂತೆ ತಿಳಿಯಾಗಿಲ್ಲ ನಿಜ. ಆದರೆ ಒಂದು ಊರು ತಾನು ಮಾಡಿದ್ದನ್ನು ಒಪ್ಪಿಕೊಂಡು ತಿದ್ದಿಕೊಂಡಿತು.

ಎಲ್ಲ ಬುಗ್ಗೆಗೂ ಆ ಅದೃಷ್ಟ ಸಿಗಲಿಲ್ಲ. ಅದೇ ಫ್ಲಾರಿಡಾದಲ್ಲಿ ಕಿಸೆಂಜೆನ್ ಎಂಬ ಬುಗ್ಗೆ ಇತ್ತು. ಜನ ಈಜಲು, ಹಬ್ಬ ಮಾಡಲು ಸೇರುತ್ತಿದ್ದ ಜಾಗ. ಸುತ್ತಮುತ್ತ ನೆಲದಡಿಯ ನೀರನ್ನು ಪಂಪಿನಿಂದ ಎತ್ತಿ ಎತ್ತಿ 1950ರಲ್ಲಿ ಅದರ ಹರಿವು ನಿಂತಿತು. ಸೆಕೆಂಡಿಗೆ ನೂರಾರು ಲೀಟರ್ ಬರುತ್ತಿದ್ದ ಬುಗ್ಗೆಯೂ ನಿಲ್ಲುತ್ತದೆ.

ಗುಹೆಯ ನೀರು ನಮ್ಮ ನಾಡಿಗೂ ಹೊಸದಲ್ಲ. ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋದವರು ಇಲ್ಲಿ ಇರಬಹುದು. ಸುಮಾರು 300 ಮೀಟರ್ ಸುರಂಗ, ಎದೆಮಟ್ಟದ ನೀರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯಬೇಕು. ಅಲ್ಲಿ ಮೇಲಿರುವುದು ತೂತು ತೂತಾದ ಜಂಬಿಟ್ಟಿಗೆ ಕಲ್ಲು. ಅದು ಮಳೆ ಕುಡಿದು ಕೆಳಗೆ ಝರಿಯಾಗಿ ಬಿಡುತ್ತದೆ. ಅದೇ ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ನೆಲದಡಿಯ ನೀರನ್ನು ಸುರಂಗ ಕೊರೆದು ಊರಿಗೆ ಹರಿಸಿಕೊಂಡರು. ಕರೇಜ್ ಎನ್ನುತ್ತಾರೆ. ಎರಡು ಕಿಲೋಮೀಟರಿಗೂ ಉದ್ದ, ನಡುನಡುವೆ ಗಾಳಿಬಾವಿಗಳು. ಹೂಳು, ಕಸ ತುಂಬಿ ಮರೆತೇ ಹೋಗಿದ್ದ ಅದನ್ನು ಕಳೆದ ದಶಕದಲ್ಲಿ ಹೂಳೆತ್ತಿ ತೆರೆದರು. ಒಂದು ವಿಷಯ ಗಮನಿಸಿ. ಕರೇಜಿನಲ್ಲಿ ಪಂಪಿಲ್ಲ. ನೆಲ ಎಷ್ಟು ಕೊಡುತ್ತದೋ ಅಷ್ಟೇ ಹರಿಯುತ್ತದೆ. ಬರದ ವರ್ಷ ತಾನಾಗಿಯೇ ಕಡಿಮೆಯಾಗಿ ಊರನ್ನು ಎಚ್ಚರಿಸುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಸುಣ್ಣಕಲ್ಲಿನ ಗುಹೆಗಳಿಲ್ಲ. ನಮ್ಮದು ಗಟ್ಟಿ ಬಂಡೆ. ಮೇಲೆ ಮಣ್ಣು, ಅದರಡಿ ಗರಸು, ಅದರಡಿ ಅರ್ಧ ಕೊಳೆತ ಬಂಡೆ, ಅದರಡಿ ಸೀಳು ಬಿಟ್ಟ ಬಂಡೆ. ನೀರು ನಿಲ್ಲುವುದು ಮುಖ್ಯವಾಗಿ ಆ ಗರಸಿನಲ್ಲಿ, ಕೊಳೆತ ಬಂಡೆಯಲ್ಲಿ. ಅಲ್ಲಿಯೂ ನೂರು ಕೊಡ ಬಂಡೆಯಿಂದ ನಮಗೆ ಬಿಟ್ಟುಕೊಡುವ ನೀರು ಒಂದೆರಡು ಕೊಡ ಮಾತ್ರ. ಕೆಳಕ್ಕೆ ಹೋದಂತೆ ಸೀಳುಗಳು ಕಡಿಮೆ, ಇರುವುವೂ ಸಣ್ಣವು. ಅವರದು ಕಣಜವಾದರೆ ನಮ್ಮದು ಮಡಿಲಲ್ಲಿ ಕಟ್ಟಿಕೊಂಡ ಅಕ್ಕಿ. ಅವರ ಬುಗ್ಗೆಯೇ ನಿಂತಿರುವಾಗ ನಾವು ಎಷ್ಟು ಜೋಪಾನವಾಗಿರಬೇಕಿತ್ತು!

ನಮ್ಮ ಹಿರಿಯರು ಜೋಪಾನವಾಗಿದ್ದರು. ಅವರು ದೊಡ್ಡ ಜ್ಞಾನಿಗಳಾಗಿದ್ದರು ಎಂದಲ್ಲ. ಕಪಿಲೆಯ ಎತ್ತಿಗೆ ದಣಿವಾಗುತ್ತಿತ್ತು, ಅಷ್ಟೆ. ಎತ್ತು ನಿಂತರೆ ನೀರೂ ನಿಲ್ಲುತ್ತಿತ್ತು. ರಾತ್ರಿಯೆಲ್ಲ ಸೆಲೆಯಿಂದ ನೀರು ಬಂದು ಬೆಳಗ್ಗೆ ಬಾವಿ ತುಂಬಿರುತ್ತಿತ್ತು. ನಾನು ಚಾಮರಾಜನಗರಕ್ಕೆ ಬಸ್ಸಿನಲ್ಲಿ ಓಡಾಡುವಾಗ ತೆರಕಣಾಂಬಿ ದಾಟಿದ ಮೇಲೆ ಎರಡೂ ಕಡೆ ಬಾವಿಗಳು, ಬಾವಿಯ ಸುತ್ತ ಹಸಿರು ಕಾಣುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದು ಬರುವ ಗುಂಡ್ಲು ಹೊಳೆಯಲ್ಲಿ ಮಳೆಗಾಲ ಕಳೆದ ಮೇಲೂ ನೀರು ನೋಡಿದ ನೆನಪಿದೆ. ಅದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುವ ಕೌಂಡಿನ್ಯ ನದಿ ಎಂದು ನಮ್ಮ ಕನ್ನಡ ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಇವತ್ತು ಆ ಹೊಳೆಯ ಮೇಲಿನ ಸೇತುವೆ ದಾಟುವ ಎಷ್ಟೋ ಮಕ್ಕಳಿಗೆ ಕೆಳಗಿರುವುದು ಹೊಳೆ ಎಂದು ಹೇಳಿಕೊಡಬೇಕು.

ಆಮೇಲೆ ಮೋಟರ್ ಬಂತು. ಮೋಟರಿಗೆ ದಣಿವಿಲ್ಲ. ಬೋರ್‌ವೆಲ್ ಲಾರಿಗಳು ಬಂದವು. ಈ ಭಾಗದಲ್ಲಿ ನಾನು ಕೆಲಸ ಶುರು ಮಾಡಿದಾಗ 150, 200 ಅಡಿಗೆ ನೀರು ತೋರಿಸುತ್ತಿದ್ದೆ. ನೆಲಕ್ಕೆ ನಾಲ್ಕು ಗೂಟ ಹೊಡೆದು, ಕರೆಂಟ್ ಹಾಯಿಸಿ, ಯಂತ್ರದಲ್ಲಿ ಓದಿ, ಇಲ್ಲಿ ಕೊರೆಸಿ ಎಂದು ಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ನೀರು ಬಂದರೆ ಮಂಗಳಾರತಿ ಮಾಡಿ ನನಗೂ ತೆಂಗಿನಕಾಯಿ ಕೊಡುತ್ತಿದ್ದರು. ಹತ್ತು ವರ್ಷದಲ್ಲಿ ಆ ಬೋರ್ ನಿಂತಿತೆಂದು ಮತ್ತೆ ಕರೆಯುತ್ತಿದ್ದರು. ಆಗ 400 ಅಡಿ. ಆಮೇಲೆ 600. ನಾನು ಕೊನೆಯದಾಗಿ ಗುರುತು ಹಾಕಿದ್ದನ್ನು 900 ಅಡಿಯವರೆಗೆ ಕೊರೆಸಿದರು. ಬರೀ ಧೂಳು ಬಂತು. ಆಳ ಕರೆಯುತ್ತದೆ ಎಂದೆನಲ್ಲ, ಅದು ಇದೇ.

ಆ ಕೊನೆಯ ಗುರುತು ಯಾರ ಹೊಲದಲ್ಲಿ ಎಂದು ಹೇಳಬೇಕು. ಕೊಳಗ ಎತ್ತಿದ ನನ್ನ ಜೊತೆಗಾರನ ಹೊಲದಲ್ಲಿ. ಅವನು ಇಲ್ಲೇ, ಆ ಸಾಲಿನಲ್ಲಿ ಕುಳಿತಿದ್ದಾನೆ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಅರಿಸಿನ ಒಣಗುತ್ತಿತ್ತು, ಸಾಲ ಮಾಡಿದ್ದ. ಆ ಹೊಲದಲ್ಲಿ ಅದು ಏಳನೆಯ ಬೋರ್. ಅದಕ್ಕೂ ಹಿಂದಿನ ಎರಡನ್ನು ತೋರಿಸಿದವನೂ ನಾನೇ. ಯಂತ್ರದಲ್ಲಿ ಅನುಮಾನ ಇತ್ತು. "ಬೇಡಪ್ಪ, ಇಲ್ಲಿ ಮುಗಿಯಿತು" ಎನ್ನಬೇಕಿತ್ತು. ಅವನ ಮುಖ ನೋಡಿ ಅನ್ನಲಾಗಲಿಲ್ಲ. ಮುಂದಿನ ವರ್ಷ ಅವನು ಒಂದೂವರೆ ಎಕರೆ ಮಾರಿದ. ಇವತ್ತಿನವರೆಗೆ ನನಗೆ ಒಂದು ಮಾತು ಅಂದಿಲ್ಲ. ಬಂಡೆಯ ಸೀಳಿನಲ್ಲಿ ಕೈಯಿಟ್ಟು ಸೆಲೆಯನ್ನು ಮುಟ್ಟಿ ಬಂದವನು ಅವನು. ಆ ಸೆಲೆಯನ್ನು ಬತ್ತಿಸಿದ ಕೈಗಳಲ್ಲಿ ನನ್ನದೂ ಒಂದು. ಇದನ್ನು ನಾನು ಓದಿದ ಶಾಲೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ?

ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ನಮ್ಮ ಗುಂಡ್ಲುಪೇಟೆ ತಾಲ್ಲೂಕು ಅತಿಬಳಕೆಯ ಪಟ್ಟಿಗೆ ಸೇರಿದೆ. ಅಂದರೆ ವರ್ಷಕ್ಕೆ ಮಳೆಯಿಂದ ಇಂಗುವುದಕ್ಕಿಂತ ಹೆಚ್ಚು ಎತ್ತುತ್ತಿದ್ದೇವೆ. ಎಕ್ಸ್ಲಿ ಮೇಷ್ಟ್ರ ಲೆಕ್ಕದಲ್ಲಿ ಹೇಳುವುದಾದರೆ, ಹೋಗುವ ಪಾಲು, ಬರುವ ಪಾಲು ಎರಡನ್ನೂ ಮುಗಿಸಿ, ಜೊತೆಗಾರನ ಪಾಲನ್ನು ಉಸಿರಾಡುತ್ತಾ ಇನ್ನೂ ಒಳಗೆ ಒಳಗೆ ಹೋಗುತ್ತಿದ್ದೇವೆ. ನಮ್ಮ ಜೊತೆಗಾರರು ಎಂದರೆ ಇಲ್ಲಿ ಮುಂದೆ ಕುಳಿತಿರುವ ಈ ಮಕ್ಕಳು.

ಹಾಗಾದರೆ ಮಳೆನೀರು ಇಂಗಿಸಿದರೆ ಆಯಿತಲ್ಲ ಎನ್ನುತ್ತಾರೆ. ಒಂದು ಲೆಕ್ಕ ಮಾಡೋಣ, ಮಕ್ಕಳೂ ನನ್ನ ಜೊತೆ ಮಾಡಿ. ಈ ಶಾಲೆಯ ಚಾವಣಿ 500 ಚದರ ಮೀಟರ್ ಎನ್ನಿ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎನ್ನಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಟ್ಟು ಮೂರೂವರೆ ಲಕ್ಷ ಲೀಟರ್. ಆವಿಯಾದದ್ದು, ಚೆಲ್ಲಿದ್ದು ಕಳೆದು 2 ಲಕ್ಷ 80 ಸಾವಿರ ಸಿಕ್ಕಿತು ಎನ್ನಿ. ಬಹಳ ಅನ್ನಿಸುತ್ತದೆ. ಈಗ ಎರಡು ಇಂಚು ನೀರಿನ ಒಂದು ಬೋರ್ ತೆಗೆದುಕೊಳ್ಳಿ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಲೀಟರ್. ದಿನಕ್ಕೆ ಏಳು ಗಂಟೆ ಕರೆಂಟ್. 25,200 ಲೀಟರ್ ಆಯಿತು. ಇಡೀ ಶಾಲೆಯ ಒಂದು ವರ್ಷದ ಮಳೆ ಒಂದು ಬೋರಿಗೆ ಹನ್ನೊಂದು ದಿನದ ನೀರು! ಇಂಗಿಸಬೇಕು, ಬಿಡಬಾರದು. ಆದರೆ ಎತ್ತುವುದನ್ನು ಅಳೆಯದೆ ಬರೀ ಇಂಗಿಸಿದರೆ ತೂತಿನ ಮಡಕೆಗೆ ನೀರು ಹೊಯ್ದ ಹಾಗೆ.

ಅಳೆದು ಬದುಕಿದ ಊರು ಇದೆ. ಮಹಾರಾಷ್ಟ್ರದ ಹಿವರೆ ಬಜಾರ್. ನಮಗಿಂತ ಕಡಿಮೆ ಮಳೆ, 400 ಮಿಲಿಮೀಟರ್ ಆಸುಪಾಸು. ಕೂಲಿಗೆ ಊರು ಬಿಟ್ಟು ಹೋಗುತ್ತಿದ್ದ ಜನ. ಪೋಪಟರಾವ್ ಪವಾರ್ ಅವರು ಸರಪಂಚರಾದ ಮೇಲೆ ಊರವರು ಕೂತು ತೀರ್ಮಾನ ಮಾಡಿದರು. ಬದು, ಕಟ್ಟೆ ಕಟ್ಟಿದರು, ಗುಡ್ಡದಲ್ಲಿ ಗಿಡ ಬೆಳೆಸಿದರು. ಎಲ್ಲಕ್ಕಿಂತ ದೊಡ್ಡದು, ಬೇಸಾಯಕ್ಕೆ ಬೋರ್ ಕೊರೆಸುವುದಿಲ್ಲ, ಹೆಚ್ಚು ನೀರು ಕುಡಿಯುವ ಬೆಳೆ ಇಡುವುದಿಲ್ಲ ಎಂದು ಒಪ್ಪಿಕೊಂಡರು. ಪ್ರತಿ ವರ್ಷ ಮಳೆ ಎಷ್ಟು ಬಂತು, ಬಾವಿಯಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಿ, ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಬೆಳೆ ನಿರ್ಧರಿಸುತ್ತಾರೆ. ಅಲ್ಲಿ ಬತ್ತಿದ ಬಾವಿಗಳಲ್ಲಿ ಮತ್ತೆ ನೀರು ಬಂತು. ನಮ್ಮ ಕಡೆಯೂ ಕಬಿನಿಯಿಂದ ಏತದಲ್ಲಿ ನೀರೆತ್ತಿ ಕೆರೆ ತುಂಬಿಸಿದ ಊರುಗಳಲ್ಲಿ ಸುತ್ತಲಿನ ಬಾವಿಗಳಿಗೆ ಜೀವ ಬಂದದ್ದನ್ನು ನೋಡಿದ್ದೇವೆ. ಆದರೆ ಬಂದ ನೀರನ್ನು ನೋಡಿ ಹೊಸ ಬೋರ್, ಹೊಸ ಬಾಳೆತೋಟ ಎಂದು ಹೊರಟರೆ ಕಬಿನಿಯೂ ಸಾಲದು. ಬಾಳೆ, ಅರಿಸಿನ ಬೆಳೆಯಬೇಡಿ ಎಂದು ನಾನು ಹೇಳುವುದಿಲ್ಲ, ನಾವು ಉಣ್ಣುವುದು ಅದರಿಂದಲೇ. ಮುಳ್ಳು ನೋಡಿಕೊಂಡು ಬೆಳೆಯೋಣ ಎನ್ನುತ್ತೇನೆ.

ನಮಗೆ ಆ ಮುಳ್ಳು ಯಾವುದು? ನಮ್ಮ ನೆಲದಡಿ ಯಾರೂ ಈಜಿ ನೋಡಿ ಬರಲು ಆಗುವುದಿಲ್ಲ. ಒಳಗೆ ಏನಾಗುತ್ತಿದೆ ಎಂದು ತೋರಿಸುವ ಕಿಟಕಿ ಎಂದರೆ ತೆರೆದ ಬಾವಿ. ಊರಿನ ಬಾವಿಗಳನ್ನು ಒಂದೊಂದಾಗಿ ಮುಚ್ಚಿದ್ದೇವೆ. ಮಣ್ಣು ಹಾಕಿ ಮನೆ ಕಟ್ಟಿದ್ದೇವೆ, ಕಸದ ಗುಂಡಿ ಮಾಡಿದ್ದೇವೆ. ಉಳಿದದ್ದು ಇದೊಂದು.

ಈಗ ಸಮಿತಿಯವರ ಕ್ಷಮೆ ಕೇಳಿ ಒಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಬಯಲು ರಂಗಮಂದಿರ ಕಟ್ಟುವ ಯೋಜನೆ ಇದೆ, ಅದಕ್ಕಾಗಿ ಹಿಂದಿನ ಬಾವಿಯನ್ನು ಮುಚ್ಚಬೇಕು ಎಂದು ಕೇಳಿದೆ. ಮಕ್ಕಳ ಸುರಕ್ಷತೆಯ ಕಾರಣವನ್ನೂ ಹೇಳಿದ್ದಾರೆ. ಅವರ ಕಾಳಜಿ ಸರಿಯಾದದ್ದೆ. ಇವತ್ತು ಬೆಳಗ್ಗೆ ಹೋಗಿ ಇಣುಕಿದೆ. ಗೋಡೆಯಲ್ಲಿ ಅರಳಿ ಸಸಿ, ತಳದಲ್ಲಿ ಪ್ಲಾಸ್ಟಿಕ್ ಬಾಟಲಿ, ಹರಿದ ಬ್ಯಾಗು. ನೀರಿಲ್ಲ. ಸತ್ತ ಬಾವಿ ಅನ್ನಿಸುತ್ತದೆ. ಆದರೆ ಎರಡು ವರ್ಷದ ಹಿಂದೆ ಮಳೆ ಚೆನ್ನಾಗಿ ಆದಾಗ ತಿಂಗಳುಗಟ್ಟಲೆ ತಳದಲ್ಲಿ ನೀರು ನಿಂತಿತ್ತು ಎಂದು ಈಗಿನ ಅಟೆಂಡರ್ ಹೇಳಿದರು. ಆ ಸೀಳು ಮುಚ್ಚಿಲ್ಲ. ನೀರು ಆ ಮಟ್ಟಕ್ಕೆ ಬಂದರೆ ಅದು ಬಾಯಿ ತೆರೆಯುತ್ತದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಬಾವಿ ಮುಚ್ಚಬೇಡಿ. ರಂಗಮಂದಿರವನ್ನು ಹತ್ತು ಮಾರು ಈಚೆಗೆ ಕಟ್ಟಿ. ಬಾವಿಗೆ ಎದೆಮಟ್ಟದ ಗೋಡೆ, ಮೇಲೆ ಬೀಗ ಹಾಕುವ ಕಬ್ಬಿಣದ ಜಾಲರಿ ಹಾಕಿಸೋಣ. ಕಸ ತೆಗೆಸೋಣ. ತೆಗೆಯಲು ಯಾರನ್ನೂ ಸುಮ್ಮನೆ ಇಳಿಸಬೇಡಿ. ಹಳೆಯ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಒಬ್ಬನನ್ನು ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಹೋಗುತ್ತಾರೆ. ಸಲಕರಣೆ ಇರುವವರನ್ನೇ ಕರೆಸೋಣ. ಚಾವಣಿಯ ನೀರನ್ನು ಜಲ್ಲಿ, ಮರಳಿನ ಗುಂಡಿಯಲ್ಲಿ ಸೋಸಿ ಬಾವಿಗೆ ಬಿಡೋಣ. ಇದರ ಖರ್ಚಿನಲ್ಲಿ ನನ್ನ ಪಾಲು ನಾನು ಕೊಡುತ್ತೇನೆ. ಮೂರರಲ್ಲೊಂದು ಪಾಲು ಅಲ್ಲ, ಅರ್ಧ. ನನ್ನ ಮೇಲಿರುವ ಬಾಕಿ ಅದಕ್ಕಿಂತ ದೊಡ್ಡದು.

ಎರಡನೆಯದು ಮಕ್ಕಳಿಗೆ. ಪ್ರತಿ ತಿಂಗಳ ಮೊದಲ ಶನಿವಾರ ಒಂಬತ್ತನೆಯ ತರಗತಿಯವರು ಮೇಷ್ಟ್ರ ಜೊತೆ ಹೋಗಿ, ಜಾಲರಿಯ ಮೇಲಿನಿಂದಲೇ ಹಗ್ಗ ಬಿಟ್ಟು ನೀರು ಎಷ್ಟು ಅಡಿಯಲ್ಲಿದೆ ಎಂದು ಅಳೆಯಿರಿ. ನೀರಿಲ್ಲದಿದ್ದರೆ ಇಲ್ಲ ಎಂದು ಬರೆಯಿರಿ. ಇಲ್ಲ ಎನ್ನುವುದೂ ಒಂದು ಅಳತೆಯೆ. ಅದರ ಪಕ್ಕದಲ್ಲಿ ಆ ತಿಂಗಳ ಮಳೆ ಬರೆಯಿರಿ. ಹತ್ತನೆಯ ತರಗತಿಗೆ ಹೋಗುವಾಗ ಪುಸ್ತಕವನ್ನು ಕೆಳಗಿನವರಿಗೆ ಒಪ್ಪಿಸಿ. ಗ್ರಾಮಸಭೆ ನಡೆಯುವ ದಿನ ಆ ಪುಸ್ತಕ ಅಲ್ಲಿ ಓದಬೇಕು, ಈ ವರ್ಷ ಮುಳ್ಳು ಎಲ್ಲಿದೆ ಎಂದು ದೊಡ್ಡವರಿಗೆ ಹೇಳಬೇಕು. ದೊಡ್ಡವರು ಕೇಳದಿದ್ದರೆ ಮುಂದಿನ ವರ್ಷ ಮತ್ತೆ ಓದಿ. ಗುಹೆಯೊಳಗೆ ದಾರ ಕಟ್ಟಿಕೊಂಡು ಹೋಗುವವರಿಗೆ ಆ ದಾರ ಏನೋ, ನಿಮಗೆ ಆ ಪುಸ್ತಕ ಅದು.

ನಲವತ್ತೆಂಟು ವರ್ಷದ ಹಿಂದೆ ನಮ್ಮ ಮೇಷ್ಟ್ರು ಕೇಳಿದ ಪ್ರಶ್ನೆಗೆ ಇಷ್ಟು ತಡವಾಗಿ ಉತ್ತರ ಹೇಳುತ್ತಿದ್ದೇನೆ. ಆ ನೀರು ಬರುತ್ತಿದ್ದದ್ದು ನಮ್ಮ ಹೊಲದಿಂದ, ನಮ್ಮ ಕೆರೆಯಿಂದ, ನಮ್ಮ ಗುಡ್ಡದಿಂದ. ಬೇರೆ ಎಲ್ಲಿಂದಲೂ ಅಲ್ಲ. ಹಾಗಾಗಿ ಅದು ವಾಪಸು ಬರಬೇಕಾದರೂ ಅಲ್ಲಿಂದಲೇ ಬರಬೇಕು.

ನನ್ನ ಇಪ್ಪತ್ತು ನಿಮಿಷ ಮುಗಿದಿದೆ, ಊಟದ ಹೊತ್ತೂ ಆಗಿದೆ. ಚೀಲದಲ್ಲಿ ಅರವತ್ತು ಅಡಿ ಹಗ್ಗ ತಂದಿದ್ದೇನೆ, ಅಡಿಗೊಂದು ಗಂಟು ಹಾಕಿದೆ. ಒಂದು ದಪ್ಪ ರಟ್ಟಿನ ಪುಸ್ತಕವೂ ಇದೆ. ನನ್ನ ಜೊತೆಗಾರ ಬರುತ್ತೇನೆ ಎಂದಿದ್ದಾನೆ. ಒಂಬತ್ತನೆಯ ತರಗತಿಯ ಹೈಕಳು ಎಲೆ ಹಾಕುವುದಕ್ಕೆ ಮುಂಚೆ ಬಾವಿಯ ಹತ್ತಿರ ಬನ್ನಿ, ಮೊದಲ ಅಳತೆ ಇವತ್ತೇ ಬರೆಯೋಣ.